ಅಪ್ಪನ ಹೆಸರಿಲ್ಲದ ಹುಡುಗ ಬರೆದ ನಾಟಕ

ಇಟಲಿಯಲ್ಲಿ 1955ರವರೆಗೂ ಒಂದು ಪದ್ಧತಿ ಇತ್ತು. ಜನನ ಪತ್ರದಿಂದ ಹಿಡಿದು ಗುರುತಿನ ಚೀಟಿಯವರೆಗೆ ಯಾವ ಸರ್ಕಾರಿ ಕಾಗದ ತೆಗೆದರೂ ಹೆಸರಿನ ಪಕ್ಕ 'ಇಂಥವರ ಮಗ', 'ಇಂಥವರ ಮಗಳು' ಎಂದು ಬರೆದಿರುತ್ತಿತ್ತು. ತಂದೆ ಯಾರೆಂದು ಕಾನೂನಿನ ಲೆಕ್ಕದಲ್ಲಿ ಗೊತ್ತಿಲ್ಲದ ಮಕ್ಕಳಿಗೆ ಆ ಜಾಗದಲ್ಲಿ ಎರಡೇ ಅಕ್ಷರ: ಎನ್. ಎನ್. ಲ್ಯಾಟಿನ್ ಭಾಷೆಯ ಎರಡು ಪದಗಳ ಮೊದಲಕ್ಷರಗಳಿವು. ಅರ್ಥ ಇಷ್ಟೇ, ಹೆಸರು ಗೊತ್ತಿಲ್ಲ. ಕೆಲಸ ಕೇಳಲು ಹೋಗಲಿ, ಮದುವೆ ನೋಂದಣಿಗೆ ಹೋಗಲಿ, ಆ ಎರಡು ಅಕ್ಷರ ಮನುಷ್ಯನಿಗಿಂತ ಮೊದಲು ಮೇಜಿನ ಮೇಲೆ ಹೋಗಿ ಕೂರುತ್ತಿದ್ದವು.

ಇಂಥದ್ದೇ ಒಂದು ಮನೆಯಲ್ಲಿ ಹುಟ್ಟಿದ ಹುಡುಗನೊಬ್ಬ ಮುಂದೆ ಇಟಲಿಯ ದೊಡ್ಡ ನಾಟಕಕಾರನಾದ. ಸಿನಿಮಾ ನಿರ್ದೇಶಕನಾದ. ಕೊನೆಗಾಲದಲ್ಲಿ ಆ ದೇಶದ ಸೆನೆಟ್‌ನಲ್ಲಿ ಜೀವಮಾನದ ಸದಸ್ಯನಾಗಿ ಕುಳಿತ. ಅವರ ಹೆಸರು ಎದ್ವಾರ್ದೊ ದೆ ಫಿಲಿಪ್ಪೊ. ಅಪ್ಪನ ಹೆಸರಿನ ಪ್ರಶ್ನೆಯನ್ನು ಅವರು ಭಾಷಣದಲ್ಲಿ ಎತ್ತಲಿಲ್ಲ, ರಂಗದ ಮೇಲೆ ತಂದು ನಿಲ್ಲಿಸಿದರು. ಆ ಕಥೆ ಇದು.

ಊರಿಗೆಲ್ಲ ಗೊತ್ತಿದ್ದ ಗುಟ್ಟು

ಎದ್ವಾರ್ದೊ ಹುಟ್ಟಿದ್ದು 1900ರ ಮೇ 24ರಂದು, ದಕ್ಷಿಣ ಇಟಲಿಯ ಬಂದರು ನಗರ ನೇಪಲ್ಸ್‌ನಲ್ಲಿ. ತಾಯಿ ಲುಯೀಸಾ ದೆ ಫಿಲಿಪ್ಪೊ. ತಂದೆ ಎದ್ವಾರ್ದೊ ಸ್ಕಾರ್ಪೆತ್ತಾ, ಆ ಕಾಲಕ್ಕೆ ನೇಪಲ್ಸ್‌ನ ಅತಿ ಜನಪ್ರಿಯ ಹಾಸ್ಯ ನಟ ಮತ್ತು ನಾಟಕಕಾರ. 1888ರ ಅವರ 'ಬಡತನ ಮತ್ತು ದೊಡ್ಡಸ್ತಿಕೆ' ನಾಟಕ ಇಂದಿಗೂ ಇಟಲಿಯಲ್ಲಿ ಆಡುತ್ತದೆ. ನಾಟಕದ ದುಡ್ಡಿನಲ್ಲೇ ಗುಡ್ಡದ ಮೇಲೆ ಬಂಗಲೆ ಕಟ್ಟಿಸಿ, 'ಇಲ್ಲಿ ನಗುವವನು ನಾನು' ಎಂದು ಅದರ ಗೋಡೆಯ ಮೇಲೆ ಬರೆಸಿದ್ದರು.

ಸ್ಕಾರ್ಪೆತ್ತಾಗೆ ಮದುವೆಯಾಗಿತ್ತು. ಹೆಂಡತಿ ರೋಸಾ. ಲುಯೀಸಾಗೆ ಈ ರೋಸಾ ಸ್ವಂತ ಸೋದರತ್ತೆ. ಅಂದರೆ ಹೆಂಡತಿಯ ಅಣ್ಣನ ಮಗಳ ಜೊತೆ ಇನ್ನೊಂದು ಸಂಸಾರ. ಲುಯೀಸಾಗೆ ಮೂವರು ಮಕ್ಕಳಾದರು: 1898ರಲ್ಲಿ ತಿತೀನಾ, 1900ರಲ್ಲಿ ಎದ್ವಾರ್ದೊ, 1903ರಲ್ಲಿ ಪೆಪ್ಪಿನೊ. ಮೂವರಿಗೂ ಬಂದದ್ದು ತಾಯಿಯ ಮನೆತನದ ಹೆಸರು. ಅಪ್ಪನನ್ನು ಅವರು 'ಮಾಮ' ಎಂದು ಕರೆಯುತ್ತಿದ್ದರು. ಊರಿಗೆಲ್ಲ ಗೊತ್ತಿತ್ತು, ಕಾಗದದಲ್ಲಿ ಮಾತ್ರ ಇರಲಿಲ್ಲ.

ಇದರಲ್ಲಿ ಸ್ಕಾರ್ಪೆತ್ತಾ ಒಬ್ಬರದೇ ತಪ್ಪು ಎಂದು ಕೈತೊಳೆದುಕೊಳ್ಳುವ ಹಾಗೂ ಇಲ್ಲ. 1865ರ ಇಟಲಿಯ ಸಿವಿಲ್ ಕಾನೂನೇ ಬಾಗಿಲು ಹಾಕಿತ್ತು. ಮದುವೆಯಾದ ಗಂಡಸು ಹೆಂಡತಿಯಲ್ಲದ ಹೆಣ್ಣಿನಿಂದ ಪಡೆದ ಮಗುವನ್ನು ತನ್ನದು ಎಂದು ಬರೆಸುವಂತಿರಲಿಲ್ಲ, ಇಷ್ಟವಿದ್ದರೂ ಆಗುತ್ತಿರಲಿಲ್ಲ. 'ನನ್ನ ತಂದೆ ಯಾರು, ಪತ್ತೆ ಮಾಡಿಕೊಡಿ' ಎಂದು ಮಕ್ಕಳು ಕೋರ್ಟಿಗೆ ಹೋಗುವುದಕ್ಕೂ ಸಾಮಾನ್ಯವಾಗಿ ಅವಕಾಶ ಇರಲಿಲ್ಲ. ಗಂಡಸಿನ ಮನೆತನದ ಮರ್ಯಾದೆ, ಆಸ್ತಿ ಎರಡನ್ನೂ ಕಾಯುವುದಕ್ಕೆ ಮಾಡಿದ್ದ ಏರ್ಪಾಡು ಅದು. ಅದರ ಭಾರ ಬಿದ್ದದ್ದು ಮಾತ್ರ ಮಕ್ಕಳ ತಲೆ ಮೇಲೆ.

ಹೆಸರು ಕೊಡದಿದ್ದರೂ ಸ್ಕಾರ್ಪೆತ್ತಾ ಕಸುಬು ಕೊಟ್ಟರು. ಎದ್ವಾರ್ದೊ ಪುಟ್ಟ ಹುಡುಗನಾಗಿದ್ದಾಗಲೇ ಅಪ್ಪನ ಕಂಪನಿಯಲ್ಲಿ ರಂಗ ಹತ್ತಿದರು. ನಾಟಕದ ಹಸ್ತಪ್ರತಿಗಳನ್ನು ಮುಂದಿಟ್ಟು, ಕೂತು ನಕಲು ಮಾಡು ಎಂದು ಅಪ್ಪ ಹೇಳುತ್ತಿದ್ದರಂತೆ. ಮಾತು ಎಲ್ಲಿ ನಿಲ್ಲಬೇಕು, ನಗು ಎಲ್ಲಿ ಬರಬೇಕು, ಪಾತ್ರ ಯಾವಾಗ ಒಳಬರಬೇಕು ಎಂಬುದನ್ನು ಹುಡುಗ ಹೀಗೆ ಕೈಬರಹದಲ್ಲೇ ಕಲಿತ. 1925ರಲ್ಲಿ ಸ್ಕಾರ್ಪೆತ್ತಾ ತೀರಿಕೊಂಡರು. ಅವರ ಪರಂಪರೆ ಕಾನೂನುಬದ್ಧ ಮಗ ವಿನ್ಚೆನ್ಜೊ ಪಾಲಿಗೆ ಹೋಯಿತು. ಎದ್ವಾರ್ದೊ ಆ ಅಣ್ಣನ ಕಂಪನಿಯಲ್ಲಿ ನಟನಾಗಿ ದುಡಿದರು.

ಸಿನಿಮಾ ಆಟಗಳ ನಡುವೆ ಒಂದು ನಾಟಕ

1931ರಲ್ಲಿ ಅಕ್ಕ, ತಮ್ಮ ಮತ್ತು ಎದ್ವಾರ್ದೊ ಸೇರಿ ತಮ್ಮದೇ ಕಂಪನಿ ಕಟ್ಟಿದರು. ಕಂಪನಿಗೆ ಇಟ್ಟದ್ದು ದೆ ಫಿಲಿಪ್ಪೊ ಎಂಬ ಹೆಸರನ್ನೇ, ಅಂದರೆ ತಾಯಿಯ ಹೆಸರನ್ನು. ಆ ವರ್ಷ ಡಿಸೆಂಬರ್ 25ರಂದು ನೇಪಲ್ಸ್‌ನ ಕುರ್ಸಾಲ್ ಚಿತ್ರಮಂದಿರದಲ್ಲಿ 'ಕುಪಿಯೆಲ್ಲೊ ಮನೆಯ ಕ್ರಿಸ್‌ಮಸ್' ಆಡಿದರು. ಸಿನಿಮಾ ಆಟಗಳ ನಡುವಿನ ಬಿಡುವಿನಲ್ಲಿ ಆಡುವ ಒಂದೇ ಅಂಕದ ನಾಟಕ ಅದು. ಕೆಲವೇ ದಿನಕ್ಕೆಂದು ಒಪ್ಪಿಕೊಂಡಿದ್ದ ಕಾರ್ಯಕ್ರಮ ತಿಂಗಳುಗಟ್ಟಲೆ ನಡೆಯಿತು. ಮುಂದಿನ ವರ್ಷಗಳಲ್ಲಿ ಅದೇ ಮೂರು ಅಂಕಗಳ ನಾಟಕವಾಗಿ ಬೆಳೆಯಿತು.

ಕಥೆ ಸರಳ. ಲೂಕಾ ಕುಪಿಯೆಲ್ಲೊ ಎಂಬ ಬಡ ಯಜಮಾನ. ಕ್ರಿಸ್‌ಮಸ್‌ಗೆ ಯೇಸು ಹುಟ್ಟಿದ ಗೋದಲಿಯನ್ನು ಹಲಗೆ, ಅಂಟು, ಗೊಂಬೆಗಳಿಂದ ಕಟ್ಟುವುದೊಂದೇ ಅವನಿಗೆ ಲೋಕ. ಅವನ ಕಣ್ಣೆದುರೇ ಮನೆ ಒಡೆಯುತ್ತಿದೆ. ಮಗಳು ಗಂಡನನ್ನು ಬಿಟ್ಟು ಬೇರೊಬ್ಬನ ಜೊತೆ ಹೋಗಲು ಸಿದ್ಧಳಾಗಿದ್ದಾಳೆ. ಮಗ ಕದಿಯುತ್ತಾನೆ. ಗೋದಲಿ ಚೆನ್ನಾಗಿದೆಯೇನೋ ಎಂದು ಲೂಕಾ ಮಗನನ್ನು ಕೇಳುತ್ತಲೇ ಇರುತ್ತಾನೆ, ಮಗ ಇಲ್ಲ ಎನ್ನುತ್ತಲೇ ಇರುತ್ತಾನೆ. ಕೊನೆಗೆ ಅಪ್ಪ ಸಾಯುವ ಹೊತ್ತಿಗೆ ಮಗ ಹೌದು ಎನ್ನುತ್ತಾನೆ. ಜನ ನಗುನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ಇಟಲಿಯ ಎಷ್ಟೋ ಮನೆಗಳಲ್ಲಿ ಇಂದಿಗೂ ಕ್ರಿಸ್‌ಮಸ್ ಬಂತೆಂದರೆ ಈ ನಾಟಕದ ಟಿವಿ ರೂಪವನ್ನು ನೋಡುತ್ತಾರೆ.

ಇಲ್ಲಿ ಭಾಷೆಯ ವಿಷಯ ಹೇಳಲೇಬೇಕು. ಈ ನಾಟಕಗಳ ಮಾತು ಪುಸ್ತಕದ ಇಟಾಲಿಯನ್ ಅಲ್ಲ, ನೇಪಲ್ಸ್‌ನ ಗಲ್ಲಿಯ ಆಡುಮಾತು. ಆಗ ಅಧಿಕಾರದಲ್ಲಿದ್ದದ್ದು ಮುಸೊಲಿನಿಯ ಫ್ಯಾಸಿಸ್ಟ್ ಸರ್ಕಾರ. ದೇಶಕ್ಕೆಲ್ಲ ಒಂದೇ ಭಾಷೆ ಇರಬೇಕು, ಪ್ರಾಂತ್ಯದ ಮಾತುಗಳು ಪತ್ರಿಕೆ, ರಂಗಭೂಮಿಗಳಲ್ಲಿ ಕಾಣಬಾರದು ಎಂಬುದು ಅದರ ಧೋರಣೆ. ಅಂಥ ಕಾಲದಲ್ಲಿ ದೆ ಫಿಲಿಪ್ಪೊ ಕಂಪನಿ ಗಲ್ಲಿಯ ಮಾತನ್ನೇ ಹೊತ್ತು ಊರೂರು ತಿರುಗಿತು. ಉತ್ತರದ ಮಿಲಾನ್ ನಗರದವರೂ ಟಿಕೆಟ್ ಕೊಂಡು ನೋಡಿದರು. ಪಾತ್ರ ನಿಜವಾಗಿದ್ದರೆ ಮಾತು ತಾನಾಗಿ ಅರ್ಥವಾಗುತ್ತದೆ ಎಂಬುದಕ್ಕೆ ಇದೊಂದು ಪುರಾವೆ.

ಆದರೆ ಒಂದೇ ಸೂರಿನಡಿ ಇಬ್ಬರು ದೊಡ್ಡ ನಟರು ಬಹಳ ಕಾಲ ಇರಲಾಗಲಿಲ್ಲ. 1944ರಲ್ಲಿ ಪೆಪ್ಪಿನೊ ಜಗಳವಾಡಿಕೊಂಡು ಹೊರಹೋದರು. ತಿತೀನಾ ಎದ್ವಾರ್ದೊ ಜೊತೆ ಉಳಿದರು.

ಯುದ್ಧ ಮುಗಿದರೂ ಮುಗಿಯದ ಯುದ್ಧ

ಎರಡನೇ ಮಹಾಯುದ್ಧದಲ್ಲಿ ಇಟಲಿಯಲ್ಲಿ ಅತಿ ಹೆಚ್ಚು ಬಾಂಬ್ ಬಿದ್ದ ನಗರಗಳಲ್ಲಿ ನೇಪಲ್ಸ್ ಒಂದು. 1943ರ ಸೆಪ್ಟೆಂಬರ್ ಕೊನೆಯಲ್ಲಿ ಊರಿನ ಜನರೇ ನಾಲ್ಕು ದಿನ ಬೀದಿಯಲ್ಲಿ ಹೋರಾಡಿ ಜರ್ಮನ್ ಸೈನ್ಯವನ್ನು ಹೊರಹಾಕಿದರು. ಅಕ್ಟೋಬರ್ 1ರಂದು ಮಿತ್ರರಾಷ್ಟ್ರಗಳ ಸೈನ್ಯ ಒಳಬಂತು. ಸೈನಿಕರ ಜೊತೆ ಡಬ್ಬಿ ಆಹಾರ, ಸಿಗರೇಟು, ಡಾಲರ್ ಬಂದವು. ಕಾಳಸಂತೆ ಕೊಬ್ಬಿತು.

ಯುದ್ಧ ಉತ್ತರದಲ್ಲಿ ಇನ್ನೂ ನಡೆಯುತ್ತಿದ್ದಾಗಲೇ, 1945ರ ಮಾರ್ಚ್ 25ರಂದು, ಎದ್ವಾರ್ದೊ ನೇಪಲ್ಸ್‌ನ ಸ್ಯಾನ್ ಕಾರ್ಲೊ ರಂಗಮಂದಿರದಲ್ಲಿ 'ಕೋಟ್ಯಧಿಪತಿ ನೇಪಲ್ಸ್' ಎಂಬ ಹೊಸ ನಾಟಕ ಆಡಿದರು. ಅದರ ನಾಯಕ ಜೆನ್ನಾರೊ ಕೆಲಸ ಕಳೆದುಕೊಂಡ ಟ್ರಾಂ ನೌಕರ. ಹೆಂಡತಿ ಅಮಾಲಿಯಾ ಮನೆಯಲ್ಲೇ ಕಾಳಸಂತೆ ವ್ಯಾಪಾರ ಮಾಡುತ್ತಾಳೆ. ಪೊಲೀಸರು ಬಂದಾಗ ಮಾಲನ್ನು ಮಂಚದ ಕೆಳಗೆ ಸೇರಿಸಿ, ಜೆನ್ನಾರೊ ಅದರ ಮೇಲೆ ಹೆಣದಂತೆ ಮಲಗುತ್ತಾನೆ. ಸುತ್ತ ಮನೆಯವರ ಗೋಳಾಟ. ಪೊಲೀಸ್ ಅಧಿಕಾರಿಗೆ ಇದು ನಾಟಕ ಎಂದು ಗೊತ್ತು. ಅಷ್ಟರಲ್ಲಿ ಬಾಂಬ್ ದಾಳಿಯ ಸೈರನ್ ಕೂಗುತ್ತದೆ. ಉಳಿದವರೆಲ್ಲ ಓಡುತ್ತಾರೆ, 'ಹೆಣ' ಮಾತ್ರ ಅಲುಗುವುದಿಲ್ಲ.

ಮುಂದೆ ಜರ್ಮನ್ನರ ಕೈಗೆ ಸಿಕ್ಕು, ನರಳಿ, ಜೆನ್ನಾರೊ ಒಂದು ದಿನ ವಾಪಸ್ ಬರುತ್ತಾನೆ. ಮನೆ ಗುರುತೇ ಸಿಗುವುದಿಲ್ಲ. ಹೆಂಡತಿ ಮೈತುಂಬ ಒಡವೆ ಹಾಕಿದ್ದಾಳೆ. ಮಗ ಕಾರು ಕದಿಯುವವರ ಜೊತೆ ಸೇರಿದ್ದಾನೆ. ಮಗಳು ಅಮೆರಿಕನ್ ಸೈನಿಕನಿಂದ ಬಸುರಾಗಿದ್ದಾಳೆ, ಅವನು ಹೊರಟುಹೋಗಿದ್ದಾನೆ. ಜೆನ್ನಾರೊ ಯುದ್ಧದಲ್ಲಿ ಕಂಡದ್ದನ್ನು ಹೇಳಲು ಹೋದರೆ ಕೇಳುವವರಿಲ್ಲ, ಯುದ್ಧ ಮುಗಿಯಿತಲ್ಲ ಬಿಡು ಎನ್ನುತ್ತಾರೆ. ಆಗ ಚಿಕ್ಕ ಮಗಳಿಗೆ ಜ್ವರ ಏರುತ್ತದೆ. ಔಷಧಿ ಇಡೀ ಊರಿನಲ್ಲಿ ಸಿಗುವುದಿಲ್ಲ, ಏಕೆಂದರೆ ಅದೂ ಕಾಳಸಂತೆಗೆ ಹೋಗಿದೆ. ಕೊನೆಗೆ ಔಷಧಿ ತಂದುಕೊಡುವವನು ರಿಕ್ಕಾರ್ದೊ. ಅವನ ಕಷ್ಟಕಾಲದಲ್ಲಿ ಅಮಾಲಿಯಾ ಅವನ ಆಸ್ತಿಯನ್ನೆಲ್ಲ ಹಿಂಡಿಕೊಂಡಿದ್ದಳು. ಅವನು ಹಣ ಕೇಳುವುದಿಲ್ಲ.

ಬಸುರಾದ ಮಗಳನ್ನು ಜೆನ್ನಾರೊ ಮನೆಯಿಂದ ಓಡಿಸುವುದಿಲ್ಲ ಎಂಬುದನ್ನು ಗಮನಿಸಿ. ಸಮಾಜ ಏನನ್ನುತ್ತದೆ ಎಂದು ಅವನು ಯೋಚಿಸುತ್ತಾನೆ, ಆದರೂ ಹತ್ತಿರ ಕರೆದುಕೊಳ್ಳುತ್ತಾನೆ. ಈ ರಾತ್ರಿ ಕಳೆಯುವ ತನಕ ಕಾಯಬೇಕು ಎಂಬರ್ಥದ ಮಾತಿನೊಂದಿಗೆ ನಾಟಕ ಮುಗಿಯುತ್ತದೆ. ಆ ಮಾತು ಇಟಲಿಯಲ್ಲಿ ಗಾದೆಯಾಗಿ ಉಳಿದಿದೆ. ಪರದೆ ಬಿದ್ದಾಗ ಸಭಾಂಗಣದಲ್ಲಿ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ, ಆಮೇಲೆ ಚಪ್ಪಾಳೆಯೂ ಅಳುವೂ ಒಟ್ಟಿಗೆ ಎದ್ದವು ಎಂದು ಎದ್ವಾರ್ದೊ ಮುಂದೆ ನೆನಪಿಸಿಕೊಂಡಿದ್ದಾರೆ. 1950ರಲ್ಲಿ ಅವರೇ ಇದನ್ನು ಸಿನಿಮಾ ಮಾಡಿದರು. ನೇಪಲ್ಸ್‌ನ ಇನ್ನೊಬ್ಬ ಮಹಾನ್ ಹಾಸ್ಯನಟ ತೊತೊ ಅದರಲ್ಲಿದ್ದರು.

ತಮ್ಮ ನಾಟಕಗಳನ್ನು ಎದ್ವಾರ್ದೊ ಎರಡು ಕಟ್ಟು ಮಾಡಿಟ್ಟಿದ್ದರು. ಹಳೆಯವು 'ಸಮ ದಿನ'ಗಳವು. 1945ರ ಈ ನಾಟಕದಿಂದ ಮುಂದಿನವು 'ಬೆಸ ದಿನ'ಗಳವು, ಎಂದರೆ ಏನೂ ಸರಿಹೋಗದ ದಿನಗಳವು.

ಮೂವರಲ್ಲಿ ಯಾರು ನಿನ್ನ ಮಗ?

1946ರ ಜೂನ್‌ನಲ್ಲಿ ಇಟಲಿಯ ಜನ ಮತ ಹಾಕಿ ರಾಜನನ್ನು ಕೆಳಗಿಳಿಸಿದರು. ದೇಶಮಟ್ಟದ ಚುನಾವಣೆಯಲ್ಲಿ ಹೆಂಗಸರು ಮತ ಹಾಕಿದ್ದು ಅದೇ ಮೊದಲು. ಹೊಸ ಸಂವಿಧಾನ ಬರೆಯಲು ಆರಿಸಿದ 556 ಸದಸ್ಯರ ಸಭೆಯಲ್ಲಿ 21 ಹೆಂಗಸರಿದ್ದರು. ಈ ಸಭೆ ಕೆಲಸದಲ್ಲಿದ್ದಾಗಲೇ, ನವೆಂಬರ್ 7ರಂದು, ನೇಪಲ್ಸ್‌ನಲ್ಲಿ 'ಫಿಲುಮೆನಾ ಮಾರ್ತುರಾನೊ' ನಾಟಕ ರಂಗಕ್ಕೆ ಬಂತು. ಎದ್ವಾರ್ದೊ ಅದನ್ನು ಬರೆದದ್ದು ಅಕ್ಕ ತಿತೀನಾಗಾಗಿ.

ಫಿಲುಮೆನಾ ಓದು ಬರಹ ಬಾರದವಳು. ಕಡುಬಡತನದಿಂದ ಸೂಳೆಗೇರಿಗೆ ಬಿದ್ದವಳು. ದೊಮೆನಿಕೊ ಸೊರಿಯಾನೊ ಎಂಬ ಶ್ರೀಮಂತ ಮಿಠಾಯಿ ವ್ಯಾಪಾರಿ ಅವಳನ್ನು ಅಲ್ಲಿಂದ ತಂದು ಮನೆಯಲ್ಲಿಟ್ಟುಕೊಂಡಿದ್ದಾನೆ. 25 ವರ್ಷ ಅವಳು ಮನೆಯನ್ನೂ ವ್ಯಾಪಾರವನ್ನೂ ನೋಡಿಕೊಂಡಿದ್ದಾಳೆ, ಆದರೆ ಹೆಂಡತಿಯಲ್ಲ. ಈಗ ಅವನು ಚಿಕ್ಕ ವಯಸ್ಸಿನ ಹುಡುಗಿಯನ್ನು ಮದುವೆಯಾಗಲು ಹೊರಟಿದ್ದಾನೆ. ಫಿಲುಮೆನಾ ಸಾಯುವವಳಂತೆ ಮಲಗುತ್ತಾಳೆ. ಸಾಯುವವಳ ಕೊನೆಯಾಸೆ ಎಂದು ಪಾದ್ರಿಯನ್ನು ಕರೆಸಿ ಅವನು ತಾಳಿ ಕಟ್ಟುವಂತೆ ಮಾಡುತ್ತಾಳೆ. ಮದುವೆ ಮುಗಿಯುತ್ತಿದ್ದಂತೆ ಎದ್ದು ಕೂರುತ್ತಾಳೆ.

ಕಾರಣ ಆಸ್ತಿಯ ಆಸೆಯಲ್ಲ. ಅವಳಿಗೆ ಮೂವರು ಗಂಡುಮಕ್ಕಳಿದ್ದಾರೆ. ಅವನ ದುಡ್ಡನ್ನೇ ಕದ್ದು, ಅವನಿಗೆ ಗೊತ್ತಿಲ್ಲದಂತೆ ಬೇರೆ ಬೇರೆ ಕಡೆ ಬೆಳೆಸಿದ್ದಾಳೆ. ಒಬ್ಬ ಬರೆಯುವವನು, ಒಬ್ಬ ಅಂಗಿ ಅಂಗಡಿಯವನು, ಒಬ್ಬ ನಲ್ಲಿ ರಿಪೇರಿಯವನು. ಈ ಮಕ್ಕಳಿಗೊಂದು ಮನೆತನದ ಹೆಸರು ಬೇಕು. ಅದಕ್ಕೇ ಈ ಮದುವೆ.

ವಕೀಲ ಬರುತ್ತಾನೆ. ಮೋಸದ ಮದುವೆ ಕಾನೂನಿನಲ್ಲಿ ನಿಲ್ಲುವುದಿಲ್ಲ ಎನ್ನುತ್ತಾನೆ. ಸರಿ, ನಿನ್ನ ಹೆಸರು ನನಗೆ ಬೇಡ, ಮಕ್ಕಳು ನನ್ನ ಹೆಸರಿನಲ್ಲೇ ಇರಲಿ ಎಂದು ಫಿಲುಮೆನಾ ಹೊರಡುತ್ತಾಳೆ. ಹೋಗುವಾಗ ಒಂದು ಮಾತು ಹೇಳುತ್ತಾಳೆ: ಮೂವರಲ್ಲಿ ಒಬ್ಬ ನಿನಗೆ ಹುಟ್ಟಿದವನು. ಯಾರು ಎಂದು ಮಾತ್ರ ಹೇಳುವುದಿಲ್ಲ.

ದೊಮೆನಿಕೊ ಹುಚ್ಚನಂತಾಗುತ್ತಾನೆ. ಮೂವರನ್ನೂ ಕರೆಸಿ ನೋಡುತ್ತಾನೆ. ಯಾರು ನನ್ನ ಹಾಗೆ ಹುಡುಗಿಯರ ಹಿಂದೆ ಹೋಗುತ್ತಾರೆ? ಯಾರಿಗೆ ನನ್ನ ಹಾಗೆ ಹಾಡು ಬರುತ್ತದೆ? ಮೂವರೂ ಒಂದೇ ಥರ ಅಪಸ್ವರದಲ್ಲಿ ಹಾಡುತ್ತಾರೆ. ಸಭೆ ಬಿದ್ದು ಬಿದ್ದು ನಗುವ ಜಾಗ ಇದು. ಆದರೆ ಫಿಲುಮೆನಾ ಹೇಳದಿರುವುದಕ್ಕೆ ಗಟ್ಟಿ ಕಾರಣವಿದೆ. ಗೊತ್ತಾದ ದಿನವೇ ಅವನು ಒಬ್ಬನನ್ನು ಮೇಲೆ ಕೂರಿಸುತ್ತಾನೆ, ಇಬ್ಬರನ್ನು ಕೆಳಗೆ ನಿಲ್ಲಿಸುತ್ತಾನೆ. ಅಣ್ಣತಮ್ಮಂದಿರೇ ಹಗೆಗಳಾಗುತ್ತಾರೆ. ಅವಳ ಲೆಕ್ಕದಲ್ಲಿ ಮಕ್ಕಳು ಮಕ್ಕಳೇ, ಅವರಲ್ಲಿ ಹೆಚ್ಚು ಕಡಿಮೆ ಇಲ್ಲ. ಕೊನೆಗೆ ದೊಮೆನಿಕೊ ಕೇಳುವುದನ್ನು ನಿಲ್ಲಿಸುತ್ತಾನೆ. ಅವಳನ್ನು ಒಪ್ಪಿ ಮದುವೆಯಾಗುತ್ತಾನೆ, ಮೂವರಿಗೂ ತನ್ನ ಹೆಸರು ಕೊಡುತ್ತಾನೆ. ಜೀವನದಲ್ಲಿ ಅಳದೇ ಇದ್ದ ಫಿಲುಮೆನಾ ಆಗ ಅಳುತ್ತಾಳೆ.

ಅಪ್ಪನ ಹೆಸರು ಸಿಗದ ಅಕ್ಕನೇ ಫಿಲುಮೆನಾ ಪಾತ್ರ ಮಾಡಿದರು. ಅಪ್ಪನ ಹೆಸರು ಸಿಗದ ತಮ್ಮ, ಹೆಸರು ಕೊಡಲು ಹಿಂದೇಟು ಹಾಕುವ ದೊಮೆನಿಕೊ ಆಗಿ ಅವರೆದುರು ನಿಂತರು. 1951ರಲ್ಲಿ ಇದೂ ಎದ್ವಾರ್ದೊ ನಿರ್ದೇಶನದಲ್ಲಿ ಸಿನಿಮಾ ಆಯಿತು, ಅಲ್ಲೂ ಇವರಿಬ್ಬರೇ. 1964ರಲ್ಲಿ ವಿಟ್ಟೋರಿಯೊ ಡಿ ಸಿಕಾ ಇದೇ ಕಥೆಯನ್ನು 'ಇಟಲಿ ಶೈಲಿಯ ಮದುವೆ' ಎಂದು ತೆಗೆದರು. ಸೋಫಿಯಾ ಲೊರೆನ್, ಮಾರ್ಚೆಲ್ಲೊ ಮಾಸ್ತ್ರೊಯಾನಿ ನಟಿಸಿದ ಆ ಚಿತ್ರ ಜಗತ್ತನ್ನೆಲ್ಲ ಸುತ್ತಿತು. 1977ರಲ್ಲಿ ನಾಟಕ ಲಂಡನ್‌ನಲ್ಲಿ ಇಂಗ್ಲಿಷ್‌ನಲ್ಲಿ ಆಡಿತು.

ಕಾನೂನು ಬದಲಾದ ದಾರಿ

ಒಂದು ನಾಟಕದಿಂದಲೇ ಕಾನೂನು ಬದಲಾಯಿತು ಎಂದು ಹೇಳಿದರೆ ಅದು ಉತ್ಪ್ರೇಕ್ಷೆ. ಕಾನೂನಿಗಾಗಿ ದುಡಿದವರು ಬೇರೆ ಬಹಳ ಜನ ಇದ್ದಾರೆ. ಆದರೆ ಜನ ಬಾಯಿಬಿಟ್ಟು ಮಾತಾಡಲು ನಾಚುತ್ತಿದ್ದ ವಿಷಯವನ್ನು ಈ ನಾಟಕ ಮನೆಮನೆಯ ಮಾತು ಮಾಡಿತು ಎಂಬುದು ನಿಜ.

1948ರ ಜನವರಿ 1ರಿಂದ ಜಾರಿಗೆ ಬಂದ ಇಟಲಿಯ ಸಂವಿಧಾನದ 30ನೇ ವಿಧಿ, ಮದುವೆಯ ಹೊರಗೆ ಹುಟ್ಟಿದ ಮಕ್ಕಳನ್ನೂ ಸಾಕಿ ಓದಿಸುವುದು ತಂದೆತಾಯಿಯ ಕರ್ತವ್ಯ ಮತ್ತು ಹಕ್ಕು ಎಂದಿತು. 1955ರ ಕಾನೂನು ಗುರುತಿನ ಚೀಟಿ ಮುಂತಾದ ಕಾಗದಗಳಿಂದ ತಂದೆತಾಯಿಯ ಹೆಸರಿನ ಸಾಲನ್ನೇ ತೆಗೆಯಿತು. ಎನ್. ಎನ್. ಎಂಬ ಮುದ್ರೆ ಹಾಗೆ ಮರೆಯಾಯಿತು. ಆದರೂ ಮದುವೆಯಾದ ಗಂಡಸು ಅಂಥ ಮಗುವನ್ನು ತನ್ನದೆಂದು ಬರೆಸಲು ಇದ್ದ ತಡೆ ಹೋದದ್ದು 1975ರ ಕುಟುಂಬ ಕಾನೂನಿನ ಸುಧಾರಣೆಯಲ್ಲಿ. ಎಲ್ಲ ಮಕ್ಕಳಿಗೂ ಒಂದೇ ಕಾನೂನು ಸ್ಥಾನ ಎಂದು ಪೂರ್ತಿಯಾಗಿ ಬರೆದದ್ದು 2012ರಲ್ಲಿ. ಫಿಲುಮೆನಾ ರಂಗದ ಮೇಲೆ ಹೇಳಿದ್ದನ್ನು ಕಾನೂನು ಪುಸ್ತಕ ಹೇಳಲು 66 ವರ್ಷ ಹಿಡಿಯಿತು.

ಸಿನಿಮಾದ ದುಡ್ಡು, ನಾಟಕದ ಸಾಲ

ಎದ್ವಾರ್ದೊ ಸಿನಿಮಾ ನಿರ್ದೇಶಕರಾಗಿ ಹತ್ತಕ್ಕೂ ಹೆಚ್ಚು ಚಿತ್ರಗಳನ್ನು ಮಾಡಿದರು. 1953ರ 'ಮಿಲಾನ್‌ನಲ್ಲಿ ನೇಪಲ್ಸ್ ಜನ' ಚಿತ್ರ, ದಕ್ಷಿಣದ ಬಡವರು ಉತ್ತರದ ಕೈಗಾರಿಕಾ ನಗರಕ್ಕೆ ಹೋಗುವ ಕಥೆ. 1958ರ 'ಫೊರ್ತುನೆಲ್ಲಾ'ದಲ್ಲಿ ಜೂಲಿಯೆತ್ತಾ ಮಸೀನಾ ನಾಯಕಿ. ಬೇರೆಯವರ ಚಿತ್ರಗಳಿಗೂ ಬರೆದರು. ಡಿ ಸಿಕಾ ಅವರ 1963ರ 'ನಿನ್ನೆ, ಇಂದು, ನಾಳೆ' ಚಿತ್ರದ ಮೊದಲ ಕಥೆ ಇವರದು. ಬಸುರಿ ಹೆಂಗಸನ್ನು ಜೈಲಿಗೆ ಹಾಕುವಂತಿಲ್ಲ ಎಂಬ ಕಾನೂನು ಹಿಡಿದು, ಜೈಲು ತಪ್ಪಿಸಿಕೊಳ್ಳಲು ಮಕ್ಕಳ ಮೇಲೆ ಮಕ್ಕಳು ಹೆರುವ ಸಿಗರೇಟು ಮಾರುವವಳ ಕಥೆ ಅದು. ಆ ಚಿತ್ರಕ್ಕೆ ವಿದೇಶಿ ಭಾಷೆಯ ಆಸ್ಕರ್ ಬಂತು.

ಆದರೆ ಅವರ ಜೀವ ಇದ್ದದ್ದು ರಂಗದಲ್ಲೇ. ಸ್ಯಾನ್ ಫೆರ್ದಿನಾಂದೊ ಎಂಬ ನೇಪಲ್ಸ್‌ನ ಹಳೆಯ ರಂಗಮಂದಿರ ಬಾಂಬ್ ಬಿದ್ದು ಹಾಳಾಗಿತ್ತು. 1948ರಲ್ಲಿ ಎದ್ವಾರ್ದೊ ಆ ಹಾಳನ್ನು ಕೊಂಡರು. ಕಟ್ಟಿಸಿ 1954ರ ಜನವರಿಯಲ್ಲಿ ಬಾಗಿಲು ತೆರೆದರು. ಖರ್ಚು ಕೈಮೀರಿತು. ಸಿನಿಮಾದಲ್ಲಿ ದುಡಿದದ್ದು ಇಲ್ಲಿಗೆ ಸುರಿಯಿತು. ಅವರ ಮಗ ಲೂಕಾ ಮುಂದೆ ಆ ರಂಗಮಂದಿರವನ್ನು ನೇಪಲ್ಸ್ ನಗರಕ್ಕೇ ದಾನ ಕೊಟ್ಟರು.

ಮನೆಯೊಳಗೆ ಸಾವುಗಳೂ ಬಂದವು. 1960ರಲ್ಲಿ ಚಿಕ್ಕ ಮಗಳು ಲುಯೀಸಾ, ಮರುವರ್ಷ ಆ ಮಕ್ಕಳ ತಾಯಿ ತೆಯಾ ಪ್ರಾಂದಿ, 1963ರಲ್ಲಿ ಅಕ್ಕ ತಿತೀನಾ. ಅವರು ಆಡುವುದನ್ನು ನಿಲ್ಲಿಸಲಿಲ್ಲ. 1973ರಲ್ಲಿ ಬರೆದ 'ಪರೀಕ್ಷೆಗಳು ಮುಗಿಯುವುದೇ ಇಲ್ಲ' ನಾಟಕದ ಹೆಸರೂ ಇಟಲಿಯ ಜನರ ಬಾಯಲ್ಲಿ ಗಾದೆಯಾಯಿತು.

1981ರಲ್ಲಿ ರಾಷ್ಟ್ರಪತಿ ಸಾಂದ್ರೊ ಪೆರ್ತೀನಿ ಅವರನ್ನು ಜೀವಮಾನದ ಸೆನೆಟರ್ ಮಾಡಿದರು. ಆಗ ವಯಸ್ಸು 81. ಅಲ್ಲಿ ಅವರು ಹಿಡಿದ ವಿಷಯ ರಂಗಭೂಮಿಯ ಅನುದಾನವಲ್ಲ, ನೇಪಲ್ಸ್‌ನ ಬಾಲಾಪರಾಧಿ ಹುಡುಗರದು. ಬಂದೀಗೃಹದ ಹುಡುಗರಿಗೆ ಕಸುಬು ಕಲಿಸಬೇಕು, ಹೊರಬಂದಾಗ ಕೈಗೆ ಕೆಲಸ ಇರಬೇಕು ಎಂದು ಸೆನೆಟ್‌ನಲ್ಲಿ ಮಾತಾಡಿದರು. ಹಣೆಪಟ್ಟಿ ಅಂಟಿಸಿಕೊಂಡ ಮಕ್ಕಳ ಕಷ್ಟ ಅವರಿಗೆ ಹೊಸದಾಗಿರಲಿಲ್ಲ.

ಕೊನೆಯ ದಿನಗಳಲ್ಲಿ ಶೇಕ್ಸ್‌ಪಿಯರ್‌ನ 'ದಿ ಟೆಂಪೆಸ್ಟ್' ನಾಟಕವನ್ನು ಹಳೆಯ ನೇಪಲ್ಸ್ ಮಾತಿಗೆ ತಂದರು. 1984ರ ಅಕ್ಟೋಬರ್ 31ರಂದು ರೋಮ್‌ನಲ್ಲಿ ತೀರಿಕೊಂಡರು. ಅಷ್ಟರಲ್ಲಿ 50ಕ್ಕೂ ಹೆಚ್ಚು ನಾಟಕ ಬರೆದಿದ್ದರು.

ಇಟಲಿಯಲ್ಲಿ ಇಂದು ಅವರ ಬಗ್ಗೆ ಮಾತಾಡುವಾಗ ಯಾರೂ ಮನೆತನದ ಹೆಸರು ಸೇರಿಸುವುದಿಲ್ಲ. ಅಪ್ಪನ ಸ್ಕಾರ್ಪೆತ್ತಾವೂ ಇಲ್ಲ, ತಾಯಿಯ ದೆ ಫಿಲಿಪ್ಪೊವೂ ಇಲ್ಲ. ಬರೀ 'ಎದ್ವಾರ್ದೊ' ಎನ್ನುತ್ತಾರೆ. ಯಾರ ಮಗ ಎಂದು ಯಾರೂ ಕೇಳುವುದಿಲ್ಲ.